ಅಲಾರಂಗೆ ಐದು, ಲಾಂಛನಕ್ಕೆ ಹತ್ತು

ಆಸ್ಪತ್ರೆಯ ತೀವ್ರ ನಿಗಾ ಘಟಕದ ಹೊರಗೆ ಅಕ್ಕನ ರಿಪೋರ್ಟಿಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ, ರೋಗಿಗಳ ಎದೆಬಡಿತ ತೋರಿಸುವ ಯಂತ್ರಕ್ಕೆ ಪ್ರೋಗ್ರಾಂ ಬರೆದ ಇಬ್ಬರು ಕೂತಿದ್ದರು. ಲ್ಯಾಪ್‌ಟಾಪ್ ಹಿಡಿದಿದ್ದ ಮೇಡಂ ಒಬ್ಬರು, ಅವರ ಕೈಕೆಳಗಿನ ಕನ್ನಡಕದವನು ಇನ್ನೊಬ್ಬ.

“ಒಳಗಿರೋ ಅಜ್ಜಿಯ ಎದೆಬಡಿತ ತಪ್ಪಿದಾಗ ಅಲಾರಂ ನಲವತ್ತು ಸೆಕೆಂಡು ತಡವಾಗಿ ಕೂಗಿದೆ. ಪಾಪ, ತೂಕಡಿಸ್ತಿತ್ತೇನೋ?”

“ಇಲ್ಲ ಮೇಡಂ, ಪ್ರೊಸೆಸರ್ ಅದಕ್ಕೆ ಸರದಿನೇ ಕೊಟ್ಟಿಲ್ಲ. ಬೇರೆ ಕೆಲಸದ ಥ್ರೆಡ್ಡು ಸಾಲಲ್ಲಿ ಮುಂದಿತ್ತು.”

“ಯಾವ ಮಹಾನುಭಾವರದ್ದು?”

“ಪರದೆ ಮೇಲೆ ಕಂಪನಿ ಲಾಂಛನ ತಿರುಗಿಸೋದು. ತಡವರಿಸ್ತಿತ್ತು ಅಂತ ಆದ್ಯತೆ ಹತ್ತಕ್ಕೆ, ಅಂದ್ರೆ ಎಲ್ಲಕ್ಕಿಂತ ಮೇಲಕ್ಕೆ, ಏರಿಸಿದ್ದೆ.”

“ಅಲಾರಂಗೆ?”

“ಐದು. ಎಲ್ಲಕ್ಕೂ ತಾನಾಗೇ ಬರೋದು ಅಷ್ಟೇ. ನಾನು ಮುಟ್ಟಲಿಲ್ಲ.”

“ದೊಡ್ಡ ಉಪಕಾರ ಮಾಡಿದೆ. ಅಜ್ಜಿ ಎದೆ ನಿಂತರೂ ಪರವಾಗಿಲ್ಲ, ಲಾಂಛನ ಮಾತ್ರ ನುಣ್ಣಗೆ ತಿರುಗ್ತಿರಬೇಕು, ಅಲ್ವಾ?”

“ನೀವೂ ನೋಡಿ ಒಪ್ಪಿಗೆ ಕೊಟ್ಟಿದ್ರಿ, ಮೇಡಂ.”

ಆಕೆ ಲ್ಯಾಪ್‌ಟಾಪಿನಲ್ಲಿ ಅಲಾರಂನ ಐದನ್ನು ಹತ್ತು ಮಾಡಿ, ಲಾಂಛನದ ಸಾಲುಗಳನ್ನು ಅಳಿಸತೊಡಗಿದರು.

“ಹೌದು. ‘ಎಷ್ಟು ಚೆಂದ ತಿರುಗುತ್ತೆ’ ಅಂತ ಷರಾ ಬೇರೆ ಬರೆದಿದ್ದೆ.”

“ಅಜ್ಜಿ ಈಗ ಹೇಗಿದ್ದಾರಂತೆ?”

“ಬದುಕಿದ್ದಾರೆ. ನಮ್ಮ ದಯೆಯಿಂದ ಅಲ್ಲಪ್ಪ. ನರ್ಸು ಅವರ ಮುಖ ನೋಡೇ ಓಡಿ ಬಂದರಂತೆ.”

ಬಾಗಿಲು ತೆರೆದು ಆ ನರ್ಸೇ ಹೊರಗೆ ಬಂದರು.

“ಸರಿಮಾಡಿದ್ರಾ?”

“ಈಗ ಅಲಾರಂಗೇ ಮೊದಲ ಸರದಿ, ಸಿಸ್ಟರ್. ಲಾಂಛನ ತೆಗೆದೇ ಹಾಕಿದ್ವಿ,” ಎಂದ ಕನ್ನಡಕದವನು.

“ಸಂತೋಷ. ಬನ್ನಿ, ಯಂತ್ರಕ್ಕೆ ಹಾಕಿ. ನಾನಂತೂ ಅಜ್ಜಿ ಪಕ್ಕ ಕುರ್ಚಿ ಎಳ್ಕೊಂಡು ಕೂತಿರ್ತೀನಿ.”

ಇಬ್ಬರೂ ತಲೆ ತಗ್ಗಿಸಿಕೊಂಡು ಅವರ ಹಿಂದೆ ಒಳಗೆ ಹೋದರು.