ಕುದಿಸಿದ ಮೇಲೆ

ಆಸ್ಪತ್ರೆಯ ಔಷಧಿ ಸಾಲಿನಲ್ಲಿದ್ದ ದರ್ಜಿಯ ಕಿವಿಗೆ ಮುಂದಿನವರ ಮಾತು ಬಿತ್ತು. ಕುಡಿಯುವ ನೀರಿನ ಬಗ್ಗೆ ಜನಕ್ಕೆಷ್ಟು ತಿಳಿದಿದೆಯೆಂದು ಸರ್ವೆ ಮಾಡುವ ಹುಡುಗಿ ಒಬ್ಬ ಹೆಂಗಸನ್ನು ಕೇಳುತ್ತಿದ್ದಳು.

“ಅಕ್ಕಾ, ನೀರು ಹೆಂಗೆ ಕುಡೀಬೇಕು?”

“ಕುದಿಸಿ, ಆರಿಸಿ.”

“ಭೇಷ್! ಹೋದ ಸಲಾನೂ ನೀವೇ ಫಸ್ಟು. ಎಲ್ಲಿ ನಿಮ್ಮ ಪುಟ್ಟಿ?”

“ಹೋದ ಸಲ ನೀನು ಚಪ್ಪಾಳೆ ತಟ್ಟಿದ್ಯಲ್ಲ, ಆ ಖುಷೀಲಿ ದಿನಾ ಕುದಿಸ್ತಿದ್ದೆ ಕಣಮ್ಮ. ಪುಟ್ಟಿ ಬಾಯಾರಿ ಅಳೋಳು. ಬೇಗ ಆರ್ಲಿ ಅಂತ ನಲ್ಲಿ ನೀರು ಬೆರೆಸ್ತಿದ್ದೆ.”

“ಅಯ್ಯೋ, ಬೆರೆಸಬಾರದು ಅಕ್ಕಾ!”

“ಡಾಕ್ಟ್ರೂ ಹಂಗೇ ಅಂದ್ರು. ವಾಂತಿಭೇದಿ ಆಗಿ ಪುಟ್ಟಿ ಹೋದ್ಮೇಲೆ.”

ಕಿಟಕಿಯಿಂದ ಕರೆ ಬಂತು. ತಾಯಿ ಔಷಧಿ ಇಸಿದುಕೊಂಡು ಹೊರಟುಹೋದಳು.

ಹುಡುಗಿ ಕಣ್ಣೊರೆಸಿಕೊಂಡು ದರ್ಜಿಯತ್ತ ತಿರುಗಿದಳು.

“ಅಣ್ಣಾ, ನೀರು ಕುದಿಸಿದ ಮೇಲೆ... ಹೆಂಗೆ ಆರಿಸ್ತೀರಾ?”