ಊಹೂಂ ಅಂದ ಕುಂಬಾರ್ತಿ

ಹತ್ರ ಬಂದು ಕೂತ್ಕೊಳ್ಳಿ. ಯಾವೂರು, ಯಾವ ಕಾಲ ಅಂತ ಕೇಳ್ಬೇಡಿ, ನಂಗೂ ಗೊತ್ತಿಲ್ಲ. ಒಂದೂರಲ್ಲಿ ಒಂದು ಕೆರೆ. ಅದನ್ನ ನಂಬ್ಕೊಂಡು ಮೂರು ಕೇರಿ: ಗದ್ದೆಯೋರು, ಮೀನು ಹಿಡಿಯೋ ಬೆಸ್ತರು, ಮಡಕೆ ಮಾಡೋ ಕುಂಬಾರ್ರು. ಕೇರಿಗೊಬ್ರು ಪಂಚಾಯ್ತಿ ಕಟ್ಟೆ ಮೇಲೆ ಕೂರೋರು. ಗೌಡ ಕೇಳೋನು, ಮೂವರೂ ಹೂಂ ಅಂದ್ರೆ ತೀರ್ಮಾನ.

ಕುಂಬಾರಗೇರಿಯಿಂದ ಹೋಗ್ತಿದ್ದೋನು ಮುದ್ದಯ್ಯ. ಹಿರಿಯ, ಬಲು ಒಳ್ಳೇ ಮನುಷ್ಯ. ಕಿವಿ ಮಾತ್ರ ಕೇಳಿಸ್ತಿರ್ಲಿಲ್ಲ. ಬೇಸಿಗೇಲಿ ಕೆರೆ ಬತ್ತಿಸೋದು ಬೇಡ ಅಂದ್ರು, ಹೂಂ ಅಂದ. ಮಾರನೇ ವರ್ಷ ಕೇಳಿದ್ರು, ಹೂಂ. ಅದರ ಮಾರನೇ ವರ್ಷ, ಅದೇ ಹೂಂ. ಕೆರೆ ತಳ ಕಾಣದೆ ಮಡಕೆಗೆ ಮಣ್ಣು ಎಲ್ಲಿಂದ ಬರ್ಬೇಕು, ನೀವೇ ಹೇಳಿ? ಮಡಕೆ ತಿರುಗಿಸೋ ತಿಗರಿ ನಿಂತೋದ್ವು. ಅರ್ಧ ಕೇರಿ ಊರು ಬಿಡೋಕೆ ಗಂಟು ಕಟ್ತು.

ಮುದ್ದಯ್ಯನ ಸೊಸೆ ಕೆಂಚವ್ವ ಮಾವನ ಮುಂದೆ ಬಂದು ನಿಂತ್ಲು. ಈ ಸಲ ನಾನೇ ಕಟ್ಟೆಗೆ ಹೋಗ್ತೀನಿ ಮಾವ ಅಂದ್ಲು. ಮಾವ ಅದಕ್ಕೂ ಹೂಂ ಅಂದ.

ಈ ಸಲಾನೂ ಕೆರೆ ಬತ್ತಿಸೋದು ಬೇಡ ತಾನೇ ಅಂತ ಗೌಡ ಕೇಳ್ದ. ಗದ್ದೆಯೋರು ಹೂಂ ಅಂದ್ರು. ಬೆಸ್ತರ ದ್ಯಾವಣ್ಣ ಹೂಂ ಅಂದ. ಕೆಂಚವ್ವ ಊಹೂಂ ಅಂದ್ಲು.

ಆ ಕಟ್ಟೆ ಮೇಲೆ ಆ ಮಾತು ಯಾರೂ ಆಡಿರ್ಲಿಲ್ಲ. ಮುಂದೇನು ಮಾಡ್ಬೇಕೋ ಗೌಡಂಗೂ ತಿಳೀದು. ನಮ್ ಪೈರು ಒಣಗ್ಲಿ ಅಂತೀಯಾ ಅಂತ ರೇಗ್ದ.

"ಒಣಗ್ಲಿ ಅನ್ನಲ್ಲ ಗೌಡ್ರೇ. ಮೂಡಲ ಮೂಲೆಗೊಂದು ಒಡ್ಡು ಹಾಕಿ, ಅಷ್ಟು ನೀರು ಗದ್ದೆಗೇ ಎತ್ಕೊಳ್ಳಿ. ಆ ಮೂಲೆ ತಳದಲ್ಲಿ ನಾವು ಮಣ್ಣು ತೆಗೆದಷ್ಟೂ ಕೆರೆ ಆಳ ಆಗುತ್ತೆ. ಮಳೆ ಬಂದ್ರೆ ನಿಮಗೇ ನೀರು ಜಾಸ್ತಿ."

ಗೌಡ ಗಡ್ಡ ಕೆರ್ಕೊಂಡು ಹೂಂ ಅಂದ, ಗದ್ದೆಯೋರೂ ಹೂಂ ಅಂದ್ರು. ಕೆಂಚವ್ವನ ಜೀವ ತಣ್ಣಗಾಯ್ತು. ಅಷ್ಟ್ರಲ್ಲಿ ದ್ಯಾವಣ್ಣ ಬಾಯಿ ಬಿಟ್ಟ.

"ಊಹೂಂ. ಮೀನು ಮೊಟ್ಟೆ ಇಡೋದು ಅಲ್ಲೇ ಕಣವ್ವ."

ಇವನಜ್ಜಿ ಪಿಂಡ ಅಂತ ಬೈಯೋಕೆ ಬಾಯಿಗೆ ಬಂತು ಅವಳಿಗೆ. ಮೂರು ವರ್ಷ ತಾಳ್ಕೊಂಡಿದ್ದೋಳು ನೋಡಿ. ಆದ್ರೆ ಅವನಾಡಿದ ಆ ಊಹೂಂ ಯಾರದು? ಈಗಿನ್ನೂ ತನ್ನ ಬಾಯಿಂದ ಬಂದಿದ್ದು. ಬೈಗುಳ ನುಂಗ್ಕೊಂಡು ಕೇಳಿದ್ಲು, "ಮತ್ತೆ ಯಾವ ಮೂಲೆ ಆದೀತಣ್ಣಾ?"

ಪಡುವಲ ಮೂಲೆ ಆದೀತು ಅಂದ. ಅದು ಕುಂಬಾರಗೇರಿಗೆ ದೂರ. ಮಣ್ಣಲ್ಲಿ ಮರಳು ಬೇರೆ, ಎರಡೆರಡು ಸಲ ಜರಡಿ ಹಿಡೀಬೇಕು. ಕೆಂಚವ್ವ ನಿಂತ ತಿಗರಿಗಳನ್ನ ನೆನೆಸ್ಕೊಂಡ್ಲು. ಹೂಂ ಅಂದ್ಲು.

ಅವತ್ತಿಂದ ಗೌಡ ಮೊದಲು ಕೇಳ್ತಿದ್ದಿದ್ದು, ಊಹೂಂ ಅನ್ನೋರು ಯಾರು ಅಂತ. ಆಮೇಲೆ ಸಭೆ ಮುಗಿಯೋದುಂಟಾ? ಮನೇಲಿ ಮುದ್ದೆ ಆರಿ ಕಲ್ಲಾಗೋದು. ಆದ್ರೆ ಊರು ಬಿಟ್ಟು ಒಬ್ರೂ ಹೋಗ್ಲಿಲ್ಲ.

ಅವರು ಇನ್ನೂ ಅಲ್ಲೇ ಕೂತು ವಾದ ಮಾಡ್ತಾವ್ರೆ. ನಾವು ಏಳೋಣ, ನಡೀರಿ.