ಐವತ್ತು ವರ್ಷ ಹಳೆಯ ಸುದ್ದಿ

ಬನಶಂಕರಿಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ನನ್ನ ಮಂಡಿಯ ಸರದಿಗಾಗಿ ಸಿಡುಕುತ್ತಾ ಕೂತಿದ್ದೆ. ಪಕ್ಕದಲ್ಲಿ ತಾಯಿ, ಮಗಳು. ತಾಯಿಯ ತಲೆಗೆ ಎಂಆರ್‌ಐ ಆಗಬೇಕಿತ್ತು. ತಾಳಿ ತೆಗೆದಿಡಿ ಎಂದು ನರ್ಸ್ ಹೇಳಿಹೋಗಿದ್ದಳು. ತಾಯಿ ಅರಿಶಿನ ಕೊಂಬಿನ ದಾರವನ್ನು ಮನೆಯಿಂದಲೇ ತಂದಿದ್ದರು. ಅದನ್ನು ಕೊರಳಿಗೆ ಕಟ್ಟಿಕೊಂಡ ಮೇಲೆಯೇ ತಾಳಿ ಬಿಚ್ಚಿದರು.

“ರೇಖಾ, ಒಳಗಿರೋದು ಮ್ಯಾಗ್ನೆಟ್ಟಾ?”

“ಹೂಂ, ದೊಡ್ಡದು. ರೇಡಿಯೋ ಅಲೆ ಕಳಿಸಿ, ತಲೆಯೊಳಗಿಂದ ಬರೋ ಸಿಗ್ನಲ್ ಹಿಡೀತಾರೆ.”

“ನೀನು ರಿಸರ್ಚ್ ಮಾಡ್ತಿರೋ ನಕ್ಷತ್ರದ ಥರ?”

“ಸ್ವಲ್ಪ ಹಂಗೇ. ಅದು ಚಿಕ್ಕ ವಯಸ್ಸಿನ ನಕ್ಷತ್ರ ಅಮ್ಮ. ಅರ್ಧ ದಿನಕ್ಕೇ ಒಂದು ಸುತ್ತು ತಿರುಗುತ್ತೆ. ಅದಕ್ಕೇ ಅದರ ಮ್ಯಾಗ್ನೆಟ್ ಶಕ್ತಿ ಜೋರು, ಆಗಾಗ ಸಿಡಿಯುತ್ತೆ. ಸಿಡಿದಿದ್ದು ನಮಗೆ ರೇಡಿಯೋ ಸಿಗ್ನಲ್‌ನಲ್ಲಿ ಗೊತ್ತಾಗುತ್ತೆ.”

“ಅದರ ಹತ್ರ ಭೂಮಿ ಗೀಮಿ ಇದ್ರೆ?”

“ಇರೋ ಗಾಳಿಯೆಲ್ಲ ನಿಧಾನಕ್ಕೆ ಕಿತ್ಕೊಂಡು ಹೋಗುತ್ತೆ.”

“ನೀವು ನೋಡ್ಕೊಂಡು ಸುಮ್ನಿರ್ತೀರಾ?”

“ಏನ್ ಮಾಡಕ್ಕಾಗುತ್ತೆ? ಸಿಗ್ನಲ್ ಇಲ್ಲಿಗೆ ಬರಕ್ಕೇ ಐವತ್ತು ವರ್ಷ ಬೇಕು.”

“ಅಂದ್ರೆ ನಾನು ಹುಟ್ಟಿದಾಗ ಹೊರಟಿದ್ದು. ನಿಮಗೆ ಗೊತ್ತಾಗೋ ಹೊತ್ತಿಗೆ ಎಲ್ಲಾ ಆಗೋಗಿರುತ್ತೆ.”



“ನಾಗಲಕ್ಷ್ಮಮ್ಮ!” ಎಂದು ಒಳಗಿಂದ ಕೂಗಿದರು.

ತಾಯಿ ಎದ್ದರು. ತಾಳಿಯನ್ನು ಮಗಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

“ಇವರು ಏನೇ ಹೇಳಲಿ, ಅಳಬೇಡ. ಅದೂ ಹಳೇ ಸುದ್ದೀನೇ. ದೀಪಾವಳಿಯಿಂದ ನಂಗೆ ಎಡಗಣ್ಣು ಕಾಣ್ತಿಲ್ಲ.”